ಪದ ಪರಿಚಯ: ಫಾಲೋಅಪ್

‘ಕೋವಿಡ್ ನಂತರದ ಉಚಿತ ಫಾಲೋಅಪ್ ಶಿಬಿರ. ಒಂದು ದಿನ ಮಾತ್ರ.’ ಹುಬ್ಬಳ್ಳಿಯಲ್ಲಿ ಇಂಥ ಬ್ಯಾನರ್ ಕಂಡಾಗ ಹಿಂದೆಲ್ಲ ಸುಮ್ನೆ ಮುಂದೆ ಹೋಗುತ್ತಿದ್ದೆ. ಮತ್ತೊಂದು ಕಣ್ಣಿಗೆ ಬಿದ್ದ ಮೇಲೆ ಬರೆದೇಬಿಡೋಣ ಅನ್ನಿಸಿತು. ಶಿಬಿರದಲ್ಲಿ ಬಿಪಿ ನೋಡುತ್ತಾರೆ, ಶುಗರ್ ನೋಡುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಹಾಕುತ್ತಾರೆ, ಗುಳಿಗೆ ಕೊಟ್ಟು ಕಳಿಸುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಅದರ ಹೆಸರು ತಪಾಸಣೆ. ಒಂದೇ ದಿನಕ್ಕೆ ಶುರುವಾಗಿ ಅದೇ ದಿನ ಮುಗಿಯುವುದಕ್ಕೆ ಫಾಲೋಅಪ್ ಅನ್ನಲು ಬರುವುದಿಲ್ಲ.

ಬೇರೆ ಕಡೆ ಈ ಪದವನ್ನು ನಾವು ಸರಿಯಾಗಿಯೇ ಬಳಸುತ್ತೇವೆ. ಬ್ಯಾಂಕಿನ ಸಾಲಕ್ಕೆ ಫಾಲೋಅಪ್ ಮಾಡುತ್ತೇವೆ, ತಹಶೀಲ್ದಾರ್ ಕಚೇರಿಯಲ್ಲಿ ಸಿಕ್ಕಿಬಿದ್ದ ಫೈಲಿಗೆ ಮಾಡುತ್ತೇವೆ. ಕೆಲಸ ಆಗುವ ತನಕ ಬೆನ್ನು ಬಿಡುವುದಿಲ್ಲ ಅಂತ ಅರ್ಥ. ಆಸ್ಪತ್ರೆಯ ಮಾತಿಗೆ ಬಂದರೆ ಮಾತ್ರ ಅದೇ ಪದ ತಲೆಕೆಳಗಾಗುತ್ತದೆ. ‘ಪೇಶಂಟ್ ಫಾಲೋಅಪ್‌ಗೆ ಬರಲಿಲ್ಲ’ ಅನ್ನುತ್ತಾರೆ. ಬೆನ್ನು ಹತ್ತಬೇಕಾದವರು ಯಾರು ಹಾಗಾದರೆ? ಚಿಕಿತ್ಸೆ ಕೊಟ್ಟವರು ತಾನೇ? ಸರಕಾರಿ ಕಾಗದಗಳಲ್ಲಿ ಇದನ್ನು ‘ಅನುಸರಣೆ’ ಮಾಡಿದ್ದರಿಂದ ಗೊಂದಲ ಇನ್ನೂ ಜಾಸ್ತಿಯಾಯಿತು. ಅನುಸರಣೆ ಅಂದಾಗ ನಮಗೆ ಹೊಳೆಯುವುದು ಹೇಳಿದಂತೆ ನಡೆಯುವುದು. ಹೊಣೆಯೆಲ್ಲ ರೋಗಿಯ ಹೆಗಲಿಗೆ ಜಾರಿತು.

ನಮ್ಮ ಭಾಗಕ್ಕೆ ನಿಜವಾದ ಫಾಲೋಅಪ್ ಹೊಸದೇನಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಬರಬೇಕು. ಕೂಸಿನ ತೂಕ ಬರೆದುಕೊಳ್ಳುತ್ತಾರೆ, ಹಿಂದಿನ ತೂಕದ ಜೊತೆ ಹೋಲಿಸುತ್ತಾರೆ. ಟಿಬಿ ರೋಗಿಗೆ ಗುಳಿಗೆ ಮುಗಿದ ಮೇಲೂ 6, 12, 18, 24ನೇ ತಿಂಗಳಿಗೆ ನೋಡಬೇಕು ಅಂತ ರಾಷ್ಟ್ರೀಯ ಕಾರ್ಯಕ್ರಮವೇ ಹೇಳುತ್ತದೆ. ತಾರೀಖು ಮೊದಲೇ ಗೊತ್ತು. ನೋಡುವವರು ಯಾರು ಅನ್ನುವುದೂ ಗೊತ್ತು. ಹಿಂದಿನ ಸಲ ಬರೆದದ್ದು ಅವರ ಕೈಯಲ್ಲಿರುತ್ತದೆ. ಇಷ್ಟಿದ್ದರೆ ಅದು ಫಾಲೋಅಪ್.

ಕೋವಿಡ್‌ಗೂ ಕಾಗದದ ಮೇಲೆ ಇದು ಇತ್ತು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್ 13ರಂದು ಕೋವಿಡ್ ನಂತರದ ಆರೈಕೆಯ ಸೂಚನೆ ಹೊರಡಿಸಿತು. ಡಿಸ್ಚಾರ್ಜ್ ಆದ 7 ದಿನದೊಳಗೆ ಮೊದಲ ಫಾಲೋಅಪ್ ಆಗಬೇಕು, ಸಾಧ್ಯವಾದಷ್ಟು ಚಿಕಿತ್ಸೆ ಪಡೆದ ಆಸ್ಪತ್ರೆಯಲ್ಲೇ ಆಗಬೇಕು ಅಂತ ಅದರಲ್ಲಿದೆ. ಫೋನಿನಲ್ಲಿ ಆದರೂ ನಡೆಯುತ್ತದೆ ಅಂತಲೂ ಇದೆ. ಗೊತ್ತಿದ್ದ ರೋಗಿಗಳನ್ನು ಕೇಳಿದ್ದೇನೆ. ಹೆಚ್ಚಿನವರಿಗೆ ಆ 7 ದಿನದ ಮಾತೇ ಹೊಸದು. ‘ನಮಗ ಫೋನ್ ಬರ್ತಿದ್ವಲ್ರೀ’ ಅನ್ನುತ್ತಾರೆ.

ಆ ಫೋನ್ ಬೇರೆ. ಅದು ನಿಗಾ. ಮನೆಯಲ್ಲೇ ಇದ್ದೀರಾ, ಜ್ವರ ಇದೆಯಾ, ಉಸಿರಾಟಕ್ಕೆ ತೊಂದರೆ ಇದೆಯಾ ಅಂತ ಕೇಳಿ ಗುರುತು ಹಾಕಿಕೊಳ್ಳುವುದು. ನಿಗಾ ಪಾರ್ಸಿಯ ‘ನಿಗಾಹ್’ನಿಂದ ಬಂದದ್ದು, ನೋಟ ಅಂತ ಅರ್ಥ. ರೋಗ ಇನ್ನೊಬ್ಬರಿಗೆ ಹರಡದಂತೆ, ರೋಗಿ ಕೈತಪ್ಪಿ ಹೋಗದಂತೆ ಕಣ್ಣಿಟ್ಟಿರಲು ಅದು ಬೇಕಿತ್ತು. ಮನೆಯಲ್ಲೇ ಇರಬೇಕಾದ ದಿನಗಳು ಮುಗಿದ ಮೇಲೆ ಕರೆ ನಿಲ್ಲಲೇಬೇಕು. ಜನ ಮಾತ್ರ ಕರೆ ನಿಂತಿತು ಅಂದರೆ ರೋಗವೂ ನಿಂತಿತು ಅಂದುಕೊಂಡರು. ಮೂರು ತಿಂಗಳಾದ ಮೇಲೂ ಮೆಟ್ಟಿಲು ಹತ್ತುವಾಗ ದಮ್ಮು ಹತ್ತಿದರೆ ಅದನ್ನು ಯಾವ ನಂಬರಿಗೆ ಹೇಳಬೇಕು ಅಂತ ಅವರಿಗೆ ಗೊತ್ತಿರಲಿಲ್ಲ.

ಇನ್ನು ಡಿಸ್ಚಾರ್ಜ್ ಸಮ್ಮರಿಯ, ಅಂದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಕಾಗದದ, ಕಡೆಯ ಸಾಲು. ಈ ಸಾಲಿನ ಬಗ್ಗೆ ನನಗೆ ಸಿಟ್ಟೇ ಇದೆ. ‘ರಿವ್ಯೂ ಎಸ್ಓಎಸ್’ ಅಂತ ಬರೆದಿರುತ್ತಾರೆ. ಓದು ಬಲ್ಲ ಮಗನೋ ಮೊಮ್ಮಗಳೋ ಅದನ್ನು ನೋಡಿ ‘ಎಮರ್ಜೆನ್ಸಿ ಆದರೆ ಮಾತ್ರ ಬರಬೇಕಂತೆ’ ಅಂತ ಹಿರಿಯರಿಗೆ ತಿಳಿಸಿ ಹೇಳುತ್ತಾರೆ. ಅವರ ತಪ್ಪೇನಿಲ್ಲ. ಎಸ್ಓಎಸ್ ಅಂದರೆ ಮುಳುಗುವ ಹಡಗಿನ ಕರೆ ಅಂತ ಎಲ್ಲರೂ ಕಲಿತಿದ್ದೇವೆ. ಹಡಗಿನ ಎಸ್ಓಎಸ್ ಅಸಲಿಗೆ ಯಾವ ಮಾತಿನ ಮೊದಲಕ್ಷರಗಳೂ ಅಲ್ಲ. 1906ರ ಬರ್ಲಿನ್ ಒಪ್ಪಂದದಲ್ಲಿ ಆ ಗುರುತು ಆರಿಸಿದ್ದು ತಂತಿಸಂದೇಶದ ಸಂಕೇತವಾದ ಮೋರ್ಸ್‌ನಲ್ಲಿ ಕಳಿಸಲು, ಗುರುತಿಸಲು ಸುಲಭ ಅಂತ: ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ. ‘ನಮ್ಮ ಜೀವ ಉಳಿಸಿ’ ಅನ್ನುವ ವಿವರಣೆಯನ್ನು ಆಮೇಲೆ ಜನ ಹಚ್ಚಿದರು.

ಡಾಕ್ಟರ ಚೀಟಿಯ ಎಸ್ಓಎಸ್‌ಗೂ ಹಡಗಿಗೂ ಏನೂ ನಂಟಿಲ್ಲ. ಅದು ಲ್ಯಾಟಿನ್ನಿನ ‘ಸಿ ಓಪುಸ್ ಸಿತ್’. ಅಗತ್ಯ ಬಿದ್ದರೆ ಅಂತ ಅರ್ಥ. ಪ್ಯಾರಾಸಿಟಮಾಲ್ ಮುಂದೆ ಎಸ್ಓಎಸ್ ಬರೆದರೆ ಜ್ವರ ಬಂದಾಗ ನುಂಗಿ, ಇಲ್ಲದಿದ್ದರೆ ಬೇಡ ಅಂತ. ಗುಳಿಗೆಗೆ ಇದು ಸರಿ. ಜ್ವರ ಬಂದದ್ದು ರೋಗಿಗೇ ಗೊತ್ತಾಗುತ್ತದೆ. ಮರುಭೇಟಿಗೆ ಅದನ್ನೇ ಬರೆದರೆ? ಅಗತ್ಯ ಬಿದ್ದಿದೆಯೋ ಇಲ್ಲವೋ ಅನ್ನುವ ತೀರ್ಮಾನ ರೋಗಿಯ ಪಾಲಿಗೆ ಬಂತು. ಅವರೋ ಅದನ್ನು ಹಡಗಿನ ಅರ್ಥದಲ್ಲಿ ಓದಿಕೊಂಡು ಉಸಿರು ಕಟ್ಟುವ ತನಕ ಕಾಯುತ್ತಾರೆ.

ಕೋವಿಡ್ ಆದಮೇಲೆ ಉಳಿಯುವ ತೊಂದರೆಗಳೋ, ನಮ್ಮ ಜನ ‘ಅಗತ್ಯ’ ಅಂತ ಲೆಕ್ಕಕ್ಕೇ ಹಿಡಿಯದಂಥವು. ಸುಸ್ತು. ಮರೆವು. ವಾಸನೆ ಹತ್ತದಿರುವುದು, ಇಲ್ಲವೇ ಒಗ್ಗರಣೆ ಸುಟ್ಟ ರಬ್ಬರಿನಂತೆ ನಾರುವುದು. ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರುವುದು. ‘ಅಶಕ್ತಿ ಆಗೇತಿ, ಹಾಲು ತುಪ್ಪ ತಿನ್ರಿ’ ಅಂದರೆ ಮಾತು ಮುಗಿಯಿತು. ಇನ್ನು ಕೆಲವು ತೊಂದರೆಗಳು ಮೈಗೆ ಗೊತ್ತೇ ಆಗುವುದಿಲ್ಲ. 2021ರ ಎರಡನೇ ಅಲೆಯಲ್ಲಿ ಸ್ಟೀರಾಯ್ಡ್ ತೆಗೆದುಕೊಂಡ ಹಲವರಿಗೆ ಶುಗರ್ ಏರಿತ್ತು. ಕಪ್ಪು ಶಿಲೀಂಧ್ರ ಹತ್ತಿದವರಲ್ಲಿ ಬಹಳ ಜನ ಶುಗರ್ ಇದ್ದವರು, ಸ್ಟೀರಾಯ್ಡ್ ಪಡೆದವರು. ಅಂಥವರನ್ನು ‘ಬೇಕಾದರೆ ಬನ್ನಿ’ ಅಂತ ಕಳಿಸಬಾರದಿತ್ತು. ಇಂಥ ದಿನ ಬಂದು ಶುಗರ್ ತೋರಿಸಿ ಅನ್ನಬೇಕಿತ್ತು.

ಒಂದೇ ಸಲ ನೋಡಿದರೆ ಯಾಕೆ ಸಾಲದು ಅನ್ನುವುದಕ್ಕೆ ಕಾರಣ ರೋಗದ ರೀತಿಯಲ್ಲೇ ಇದೆ. ಕೋವಿಡ್ ನಂತರ ಉಳಿಯುವ ಈ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೊಟ್ಟ ವಿವರಣೆ ನೋಡಿ. ಸೋಂಕು ಶುರುವಾಗಿ ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ ಕಾಣುವ, ಕಡಿಮೆಯೆಂದರೆ 2 ತಿಂಗಳು ಉಳಿಯುವ, ಬೇರೆ ಕಾಯಿಲೆಯಿಂದ ಬಂದದ್ದು ಅನ್ನಲಾಗದ ತೊಂದರೆಗಳು. ಅವು ಏರಿಳಿಯಬಹುದು, ಹೋಗಿ ಮತ್ತೆ ಬರಬಹುದು. ಅಂದಮೇಲೆ ಚೆನ್ನಾಗಿರುವ ದಿನ ಹೋದವರಿಗೆ ‘ನಾರ್ಮಲ್’ ಅನ್ನುವ ಉತ್ತರವೇ ಸಿಗುತ್ತದೆ. ಕುರ್ಚಿಯಲ್ಲಿ ಕೂತಾಗ ಆಕ್ಸಿಮೀಟರ್ 98 ತೋರಿಸಬಹುದು. ಆರು ನಿಮಿಷ ನಡೆಸಿ ನೋಡಿದರೆ ಅದೇ ಮನುಷ್ಯನ ಅಂಕಿ ಇಳಿಯಬಹುದು. ಹಾಗೆ ನಡೆಸಿ, ನಡೆದ ದೂರ ಬರೆದಿಟ್ಟು, ಮುಂದಿನ ಸಲ ಮತ್ತೆ ನಡೆಸಿ ನೋಡುವ ಪರೀಕ್ಷೆಯೇ ಇದೆ. ಉದ್ದನೆಯ ವರಾಂಡ, ಗಡಿಯಾರ, ಆಕ್ಸಿಮೀಟರ್ ಇದ್ದರೆ ಸಾಕು. ತಾಲ್ಲೂಕು ಆಸ್ಪತ್ರೆಯಲ್ಲಿ ಇವೆಲ್ಲ ಇವೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಕಾಕಾ ಒಬ್ಬರಿಗೆ ಕೋವಿಡ್ ಆದ ಮೇಲೆ ಕೆಮ್ಮು ಉಳಿಯಿತು. ಹೋದಲ್ಲೆಲ್ಲ ‘ಘಾಟಿಗೆ ಬಂದದ್ದು’ ಅಂದರಂತೆ. ‘ಘಾಟಿನ ಕೆಮ್ಮ ಬ್ಯಾರೆ, ಇದು ಬ್ಯಾರೆರಿ. ಅದು ಮಾರ್ಕೆಟ್ ಬಿಟ್ಟು ಬಂದ್ರ ನಿಲ್ತಿತ್ತು. ಇದು ರಾತ್ರಿನೂ ಬಿಡಂಗಿಲ್ಲ’ ಅನ್ನುತ್ತಾರೆ ಅವರು. ಎರಡರ ವ್ಯತ್ಯಾಸ ಅವರಿಗೆ ಅಷ್ಟು ಸ್ಪಷ್ಟ. ಪ್ರತಿ ಸಲ ಹೊಸ ದವಾಖಾನೆ, ಹೊಸ ಚೀಟಿ, ಹೊಸ ಡಾಕ್ಟರು. ಹಾಗಾಗಿ ಅವರ ಮಾತನ್ನು ಯಾರೂ ಹಿಂದಿನದರ ಜೊತೆ ಇಟ್ಟು ನೋಡಲಿಲ್ಲ.

ಬೆಟಗೇರಿಯಲ್ಲಿ ಕೈಮಗ್ಗ ನೇಯುವ ಅಕ್ಕ ಒಬ್ಬರದು ಬೇರೆ ಕತೆ. ‘ಒಂದಿನ ಮಗ್ಗಕ್ಕ ಕುಂತ್ರ ಎರಡ ದಿನ ಹಾಸಿಗಿ ಬಿಟ್ಟ ಏಳಾಕ ಆಗಂಗಿಲ್ರಿ.’ ಅವರಿಗೆ ಸಿಕ್ಕ ಸಲಹೆ ದಿನಾ ಜೋರಾಗಿ ವಾಕಿಂಗ್ ಮಾಡಿ ಅಂತ. ದಣಿವಿನ ಮರುದಿನ ಹೀಗೆ ಕುಸಿಯುವವರಿಗೆ ಬೇಕಿರುವುದು ಕೆಲಸವನ್ನು ತುಂಡು ಮಾಡಿಕೊಂಡು ನಡುನಡುವೆ ಸುಧಾರಿಸಿಕೊಳ್ಳುವುದು. ಬಲವಂತದ ವ್ಯಾಯಾಮದಿಂದ ಅವರಿಗೆ ಇನ್ನೂ ಜಾಸ್ತಿಯಾಗುತ್ತದೆ. ಸಲಹೆ ಕೊಟ್ಟವರು ಎರಡು ವಾರ ಬಿಟ್ಟು ‘ಈಗ ಹೆಂಗದೀರಿ’ ಅಂತ ಕೇಳಿದ್ದರೆ ಅದು ಒಗ್ಗಲಿಲ್ಲ ಅಂತ ಅವರಿಗೇ ತಿಳಿಯುತ್ತಿತ್ತು. ನನ್ನ ಮಟ್ಟಿಗೆ ಫಾಲೋಅಪ್‌ನ ದೊಡ್ಡ ಉಪಯೋಗ ಇದು. ರೋಗಿಯ ಜೊತೆಗೆ ಡಾಕ್ಟರ ಸಲಹೆಯೂ ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಹೀಗೆ ಉಳಿಯುವ ಕಾಯಿಲೆಗೆ ಇರುವ ‘ಲಾಂಗ್ ಕೋವಿಡ್’ ಅನ್ನುವ ಹೆಸರೂ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. 2020ರ ಮೇ ತಿಂಗಳಲ್ಲಿ ಇಟಲಿಯ ಪುರಾತತ್ವ ಸಂಶೋಧಕಿ ಎಲಿಸಾ ಪೆರೇಗೊ ತಮ್ಮ ಕಾಯಿಲೆಯ ಬಗ್ಗೆ ಟ್ವಿಟರ್‌ನಲ್ಲಿ ಬರೆಯುತ್ತಾ ಬಳಸಿದ ಪದ. ದಿನದಿನದ ಲಕ್ಷಣ ಬರೆದಿಟ್ಟು, ಒಬ್ಬರದನ್ನು ಒಬ್ಬರು ಹೋಲಿಸಿ ನೋಡಿದವರು ರೋಗಿಗಳೇ. ಬೇರೆಯವರು ಮಾಡಬೇಕಿದ್ದ ಫಾಲೋಅಪ್ಪನ್ನು ತಾವೇ ಮಾಡಿಕೊಂಡರು.

ಗದಗ, ಹಾವೇರಿಯ ಹಳ್ಳಿಗಳಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಬಂದವರಿಗೆ ಮರುಭೇಟಿ ಅಂದರೆ ಒಂದು ದಿನದ ಕೂಲಿ ಹೋದಂತೆ. ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಅವರು ಬರಲಿಲ್ಲ ಅಂತ ದೂರುವ ಮೊದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಮ್ಮರಿಯ ಒಂದು ಪ್ರತಿ ಕಳಿಸಬಹುದಲ್ವಾ? ಅದು ಆಗುವ ತನಕ ರೋಗಿಯ ಮನೆಯವರು ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಬೇಕು: ಯಾವ ತಾರೀಖಿಗೆ ಬರಬೇಕು, ಯಾರಿಗೆ ತೋರಿಸಬೇಕು, ಆವತ್ತು ಏನನ್ನು ನೋಡುತ್ತಾರೆ. ಸ್ಟೀರಾಯ್ಡ್ ಎಷ್ಟು ದಿನ ಕೊಟ್ಟರು, ಮನೆಗೆ ಬರುವ ದಿನ ಆಕ್ಸಿಜನ್ ಎಷ್ಟಿತ್ತು, ಶುಗರ್ ಎಷ್ಟಿತ್ತು ಅನ್ನುವುದೂ ಕನ್ನಡದಲ್ಲೇ ಇರಲಿ. ‘ಎಸ್ಓಎಸ್’ ಅಂತ ಬರೆದುಕೊಟ್ಟರೆ, ಯಾವ್ಯಾವ ಲಕ್ಷಣ ಕಂಡರೆ ಬರಬೇಕು ಅಂತ ಅದರ ಕೆಳಗೇ ಬರೆಸಿಕೊಳ್ಳಿ.