ಒಂದು ರಿಕ್ವೆಸ್ಟ್‌ಗೆ ಒಂದೇ ಉತ್ತರ: ಎಕ್ಸ್‌ಪ್ರೆಸ್ ಕಲಿಯುತ್ತಾ ಬರೆದಿಟ್ಟ ಟಿಪ್ಪಣಿ

ಉಡುಪಿಯಲ್ಲಿ ನಾವು ನಾಲ್ಕು ಜನ ಭಾನುವಾರ ಸೇರಿ ಬ್ಯಾಕೆಂಡ್ ಕಲಿಯುತ್ತಿದ್ದೇವೆ. ಅಭ್ಯಾಸಕ್ಕೆ ಎಲ್ಲರೂ ಮಾಡುವ ಟು-ಡೂ ಪಟ್ಟಿ ಬೇಡ ಅನ್ನಿಸಿತು. ಮಲ್ಪೆ ಬಂದರಿಗೆ ಬರುವ ಬೋಟಿನ ಮೀನಿನ ದಿನದ ದರ ಹೇಳುವ ಒಂದು ಎಪಿಐ (ಆ್ಯಪ್‌ಗಳು ಕೇಳಿದಾಗ ಮಾಹಿತಿ ಕೊಡುವ ಸರ್ವರ್ ಕೋಡ್) ಮಾಡಲು ಹೊರಟೆವು. ಬೆಳಿಗ್ಗೆ ಒಬ್ಬರು ದರ ಸೇರಿಸುತ್ತಾರೆ, ಆಮೇಲೆ ಯಾರು ಬೇಕಾದರೂ ನೋಡಬಹುದು, ಅಷ್ಟೇ ಕೆಲಸ. ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತಿದ್ದು, ಸರ್ವರ್ ಬರೆಯುವುದು ಹೊಸತು ಅನ್ನುವವರಿಗೆ ಈ ಟಿಪ್ಪಣಿ.

ಹಿನ್ನೆಲೆ ಸ್ವಲ್ಪ ಸಾಕು. ಕ್ರೋಮ್ ಬ್ರೌಸರ್‌ನ ವಿ8 ಎಂಜಿನ್ ಬಳಸಿ 2009ರಲ್ಲಿ ರಯಾನ್ ಡಾಲ್ ನೋಡ್ ಮಾಡಿದರು. ಹಾಗಾಗಿ ಜಾವಾಸ್ಕ್ರಿಪ್ಟ್ ಬ್ರೌಸರ್‌ನ ಹೊರಗೆ, ಸರ್ವರ್‌ನಲ್ಲೂ ಸಲೀಸಾಗಿ ಓಡತೊಡಗಿತು. ಮರುವರ್ಷ, ನೋಡ್‌ನಲ್ಲಿ ಸರ್ವರ್ ಬರೆಯುವುದನ್ನು ಸುಲಭ ಮಾಡುವ ಎಕ್ಸ್‌ಪ್ರೆಸ್ ಬಂತು. ಅದರ 4ನೇ ಆವೃತ್ತಿ 2014ರದ್ದು, 5ನೆಯದು 2024ರದ್ದು. ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಜಾಸ್ತಿ 4ನೆಯದರ ಮೇಲೆಯೇ ಇವೆ. ಈ ವ್ಯತ್ಯಾಸ ಮುಂದೆ ಒಂದು ಕಡೆ ಕಾಡುತ್ತದೆ, ಅಲ್ಲಿ ಹೇಳುತ್ತೇನೆ.

ಮಾರುವವರು, ಕತ್ತರಿಸುವವರು

ನೋಡ್ ನಮ್ಮ ಜಾವಾಸ್ಕ್ರಿಪ್ಟನ್ನು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸವಾಗಿ, ಓಡಿಸುತ್ತದೆ. ಹಾಗಿದ್ದರೆ ನೂರು ಜನ ಒಟ್ಟಿಗೆ ಕೇಳಿದರೆ ಹೇಗೆ? ನಮಗೆ ಇದು ಅರ್ಥವಾದದ್ದು ಮೀನು ಮಾರ್ಕೆಟ್ಟಿನಲ್ಲಿ. ಅಂಜಲ್ ಕೊಂಡರೆ ಮಾರಿದ ಅಕ್ಕ ತಾನೇ ಕತ್ತರಿಸಲು ಕೂರುವುದಿಲ್ಲ. ಪಕ್ಕದಲ್ಲಿ ಕತ್ತರಿಸುವವರಿಗೆ ಕೊಟ್ಟು ಮುಂದಿನ ಗಿರಾಕಿಯ ಕಡೆ ತಿರುಗುತ್ತಾರೆ. ಕತ್ತರಿಸಿ ಆದ ಮೇಲೆ ನಮ್ಮನ್ನು ಕರೆಯುತ್ತಾರೆ. ನೋಡ್ ಕೂಡ ಡೇಟಾಬೇಸ್ ಕೆಲಸವನ್ನು ಡೇಟಾಬೇಸ್‌ಗೆ ಕೊಟ್ಟು ಮುಂದಿನ ರಿಕ್ವೆಸ್ಟ್ ಎತ್ತಿಕೊಳ್ಳುತ್ತದೆ. ಉತ್ತರ ಬಂದಾಗ ಅವೇಟ್ ಇಟ್ಟ ಜಾಗದಿಂದ ನಮ್ಮ ಕೋಡ್ ಮುಂದುವರಿಯುತ್ತದೆ.

ಆದರೆ ಮಾರುವವರೇ ಕತ್ತಿ ಹಿಡಿದು ಕೂತರೆ ಸಾಲು ಪೂರ್ತಿ ನಿಲ್ಲುತ್ತದೆ. ಹ್ಯಾಂಡ್ಲರ್ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ನಮ್ಮ ಫಂಕ್ಷನ್) ಒಳಗೆ ಸಾವಿರ ಕೋಟಿ ಸಲ ಸುತ್ತುವ ಲೂಪ್ ಹಾಕಿ ನೋಡಿ. ಅದು ಮುಗಿಯುವ ತನಕ ಬೇರೆ ಯಾರಿಗೂ ಉತ್ತರ ಹೋಗುವುದಿಲ್ಲ. ಓದಿ ತಿಳಿಯುವುದಕ್ಕಿಂತ ಒಮ್ಮೆ ಮಾಡಿ ನೋಡುವುದೇ ಒಳ್ಳೆಯದು.

ಸಾಲಿನ ಕ್ರಮ

ಎಕ್ಸ್‌ಪ್ರೆಸ್ ಅಂದರೆ ಒಂದರ ಕೆಳಗೆ ಒಂದು ಜೋಡಿಸಿದ ಫಂಕ್ಷನ್‌ಗಳ ಸಾಲು. ಇವಕ್ಕೆ ಮಿಡಲ್‌ವೇರ್ ಅನ್ನುತ್ತಾರೆ. ರಿಕ್ವೆಸ್ಟ್ ಮೇಲಿನಿಂದ ಕೆಳಗೆ ಇಳಿಯುತ್ತದೆ. ಪ್ರತಿ ಫಂಕ್ಷನ್‌ಗೆ ಎರಡೇ ದಾರಿ: ಉತ್ತರ ಕೊಟ್ಟು ಮುಗಿಸಬೇಕು, ಇಲ್ಲವೇ ನೆಕ್ಸ್ಟ್ ಕರೆದು ಮುಂದಕ್ಕೆ ದಾಟಿಸಬೇಕು. ಎರಡೂ ಮಾಡದಿದ್ದರೆ ಎರರ್ ಕೂಡ ಬರುವುದಿಲ್ಲ. ಕೇಳಿದವರ ಬ್ರೌಸರ್ ಸುಮ್ನೆ ಸುತ್ತುತ್ತಲೇ ಇರುತ್ತದೆ.

ಕ್ರಮ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನದೇ ಒಂದು ಸಂಜೆಯ ಲೆಕ್ಕ ಇದೆ. ದರ ಸೇರಿಸುವ ಪೋಸ್ಟ್ ರೂಟ್ ಬರೆದೆ (ರೂಟ್ ಅಂದರೆ ಒಂದು ವಿಳಾಸಕ್ಕೆ ಕಟ್ಟಿದ ಹ್ಯಾಂಡ್ಲರ್, ಪೋಸ್ಟ್ ಅಂದರೆ ಹೊಸತನ್ನು ಸೇರಿಸುವ ರಿಕ್ವೆಸ್ಟ್). ಕಳಿಸಿದ ಜೇಸನ್ ಸರಿಯಾಗಿಯೇ ಇತ್ತು. ಆದರೂ ಅದು ಸಿಗಬೇಕಾದ ರೆಕ್.ಬಾಡಿ ಅನ್‌ಡಿಫೈನ್ಡ್ ಅಂತಲೇ ಬರುತ್ತಿತ್ತು. ಎರಡು ಗಂಟೆ ಹುಡುಕಿದ ಮೇಲೆ ಕಂಡಿತು: ಎಕ್ಸ್‌ಪ್ರೆಸ್.ಜೇಸನ್ ಸಾಲನ್ನು ರೂಟ್‌ನ ಕೆಳಗೆ ಬರೆದಿದ್ದೆ. ಬಾಡಿಯನ್ನು ಬಿಡಿಸಿ ಕೊಡಬೇಕಾದ ಫಂಕ್ಷನ್‌ನ ಸರದಿ ಬರುವ ಮೊದಲೇ ರೂಟ್ ಓಡಿ ಮುಗಿಯುತ್ತಿತ್ತು. ಆ ಸಾಲನ್ನು ಮೇಲಕ್ಕೆ ತಂದೆ, ಸರಿಯಾಯಿತು. ಮರುದಿನ ಗೆಳತಿಗೂ ಅದೇ ಅನ್‌ಡಿಫೈನ್ಡ್ ಬಂತು, ಆದರೆ ಕಾರಣ ಬೇರೆ. ಅವಳು ಟರ್ಮಿನಲ್‌ನಿಂದ ರಿಕ್ವೆಸ್ಟ್ ಕಳಿಸುವ ಕರ್ಲ್ ಬಳಸಿ ಕಳಿಸುವಾಗ ಕಂಟೆಂಟ್-ಟೈಪ್ ಹೆಡರ್ ಹಾಕಿರಲಿಲ್ಲ. ಇದು ಜೇಸನ್ ಅಂತ ಹೇಳದಿದ್ದರೆ ಆ ಮಿಡಲ್‌ವೇರ್ ಬಾಡಿಯನ್ನು ಮುಟ್ಟುವುದೇ ಇಲ್ಲ.

ರೂಟ್‌ಗಳಿಗೂ ಇದೇ ನಿಯಮ. 'ಮೀನು/:ಐಡಿ' (ಕೋಲನ್ ಇರುವ ಜಾಗದಲ್ಲಿ ಏನು ಬಂದರೂ ಸರಿ) ಮೇಲಿದ್ದು 'ಮೀನು/ಇವತ್ತು' ಕೆಳಗಿದ್ದರೆ, 'ಇವತ್ತು' ಅನ್ನುವುದೇ ಐಡಿ ಅಂತ ಮೇಲಿನದು ಹಿಡಿದುಕೊಳ್ಳುತ್ತದೆ. ಇನ್ನೊಂದು ಮಾತು, ವಿಳಾಸದಿಂದ ಬರುವ ಐಡಿ ಯಾವಾಗಲೂ ಸ್ಟ್ರಿಂಗ್. ಅರೇಯಲ್ಲಿರುವ 7ರ ಜೊತೆ ಅದನ್ನು ಮೂರು ಈಕ್ವಲ್ ಹಾಕಿ ಹೋಲಿಸಿದರೆ ಎಂದೂ ಕೂಡಿ ಬರುವುದಿಲ್ಲ. ಮೊದಲು ನಂಬರ್ ಮಾಡಿಕೊಳ್ಳಿ.

ಐಡಿ ಯಾಕೆ, ಮೀನಿನ ಹೆಸರೇ ಸಾಲದಾ? ನಮ್ಮೂರಲ್ಲಿ ಸಾಲದು. ನಾವು ಅಂಜಲ್ ಅನ್ನುವುದನ್ನು ಕೊಂಕಣಿ ಮಾತಾಡುವವರು ಇಸ್ವಣ ಅನ್ನುತ್ತಾರೆ. ಹೆಸರು ಹತ್ತಿದ್ದರೂ ಐಡಿ ಒಂದೇ ಇರಲಿ.

ಖಾಲಿ ಪಟ್ಟಿ ತಪ್ಪಲ್ಲ

ನಾನು ಜಾಸ್ತಿ ಯೋಚಿಸಿದ್ದು ಸ್ಟೇಟಸ್ ಕೋಡ್, ಅಂದರೆ ಕೆಲಸ ಏನಾಯಿತು ಅಂತ ಉತ್ತರದ ಜೊತೆ ಹೋಗುವ ಸಂಖ್ಯೆಯ ಬಗ್ಗೆ. 200 ಅಂದರೆ ಸರಿ, 201 ಅಂದರೆ ಹೊಸತು ಸೇರಿತು, 400 ಅಂದರೆ ಕೇಳಿದ್ದು ಸರಿಯಿಲ್ಲ, 404 ಅಂದರೆ ಅಂಥದ್ದು ಇಲ್ಲ, 500 ಅಂದರೆ ತಪ್ಪು ನಮ್ಮ ಕಡೆಯದು. ಬಾಯಿಪಾಠ ಸುಲಭ, ಎಲ್ಲಿ ಯಾವುದು ಅನ್ನುವುದೇ ಕಷ್ಟ. ನಮ್ಮ ಬೀದಿಗೆ ಮೀನು ತರುವ ಅಕ್ಕನ ಹತ್ತಿರ, "ಅಕ್ಕಾ, ಜೂನ್‌ನಲ್ಲಿ ದರ ಹೇಗೆ?" ಅಂತ ಕೇಳಿದೆ.

"ಜೂನ್‌ನಲ್ಲಿ ಎಂತ ದರ ಮಾರಾಯ, ಬೋಟೇ ಹೋಗುದಿಲ್ಲ ಅಲ್ವಾ!" ಅಂದರು.

ಹೌದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ನಾಡದೋಣಿಯವರು ಸ್ವಲ್ಪ ತರುತ್ತಾರೆ, ಆದರೆ ನಮ್ಮ ಪಟ್ಟಿ ಬೋಟಿನ ಮೀನಿನದು. ಆಗ ಇವತ್ತಿನ ದರ ಕೇಳಿದರೆ 404 ಕೊಡಬೇಕಾ? ನಮ್ಮಲ್ಲಿ ಇಬ್ಬರು ಹೌದು ಅಂದರು. ನಾನು ಬೇಡ ಅಂದೆ. ದರದ ಪಟ್ಟಿ ಅನ್ನುವುದು ಇದೆ, ಅದರಲ್ಲಿ ಇವತ್ತು ಏನೂ ಇಲ್ಲ. ಹಾಗಾಗಿ 200 ಮತ್ತು ಖಾಲಿ ಅರೇ. ಪಟ್ಟಿಯಲ್ಲೇ ಇಲ್ಲದ 999ನೇ ಮೀನನ್ನು ಕೇಳಿದರೆ 404. ಆ್ಯಪ್ ಬರೆಯುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಮೊದಲನೆಯದಕ್ಕೆ 'ಇವತ್ತು ಬೋಟಿಲ್ಲ' ಅಂತ ತೋರಿಸಬಹುದು, ಎರಡನೆಯದಕ್ಕೆ ವಿಳಾಸ ತಪ್ಪಿದೆ ಅಂತ ತಿಳಿಯುತ್ತದೆ.

ಎರಡು ಸಲ ಉತ್ತರ ಕೊಟ್ಟಾಗ

ಈ ತಪ್ಪನ್ನು ನೀವೂ ಒಮ್ಮೆ ಮಾಡೇ ಮಾಡುತ್ತೀರಿ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ದರ ಸೊನ್ನೆಗಿಂತ ಹೆಚ್ಚಿರಬೇಕು, ಇಲ್ಲದಿದ್ದರೆ 400 ಕಳಿಸು ಅಂತ ಇಫ್ ಹಾಕಿದ್ದೆ. ಪರೀಕ್ಷೆಗೆ ಬಂಗುಡೆಗೆ ಮೈನಸ್ 240 ಕಳಿಸಿದೆ. 400 ಬಂತು, ಖುಷಿಯಾಯಿತು. ಆಮೇಲೆ ಟರ್ಮಿನಲ್ ನೋಡಿದರೆ ಎರರ್: ಹೆಡರ್ ಈಗಾಗಲೇ ಹೋಗಿದೆ, ಮತ್ತೆ ಹಾಕಲು ಆಗುವುದಿಲ್ಲ ಅಂತ. ಡೇಟಾಬೇಸ್ ತೆರೆದರೆ ಅಲ್ಲಿ ಮೈನಸ್ 240 ಕೂತಿತ್ತು!

ಕಾರಣ ಒಂದೇ ಪದ. 400 ಕಳಿಸುವ ಸಾಲಿನ ಮುಂದೆ ರಿಟರ್ನ್ ಇರಲಿಲ್ಲ. ರೆಸ್.ಜೇಸನ್ ಉತ್ತರ ಕಳಿಸುತ್ತದೆ, ಫಂಕ್ಷನ್ ನಿಲ್ಲಿಸುವುದಿಲ್ಲ. ಕೋಡ್ ಕೆಳಗೆ ಇಳಿಯಿತು, ದರ ಸೇರಿಸಿತು, 201 ಅಂತ ಎರಡನೇ ಉತ್ತರ ಕಳಿಸಲು ಹೋಗಿ ಸಿಕ್ಕಿಬಿತ್ತು. ನಿಜವಾದ ಅಪಾಯ ಆ ಎರರ್ ಅಲ್ಲ. ಆಗಲಿಲ್ಲ ಅಂತ ಹೇಳಿದ ಕೆಲಸವನ್ನು ನಾವು ಮಾಡಿಬಿಟ್ಟಿದ್ದೆವು. ಆವತ್ತಿನಿಂದ ಉತ್ತರ ಕಳಿಸುವ ಪ್ರತಿ ಸಾಲಿನ ಮುಂದೆ ರಿಟರ್ನ್ ಬರೆಯುತ್ತೇನೆ, ಕೊನೆಯ ಸಾಲಾದರೂ ಸರಿ.

ಉತ್ತರವೇ ಹೋಗದ ಇನ್ನೊಂದು ಸಂದರ್ಭ ಇದೆ. ಆವೃತ್ತಿಯ ಮಾತು ಬರುವುದು ಇಲ್ಲೇ. ಅಸಿಂಕ್ ಹ್ಯಾಂಡ್ಲರ್ ಒಳಗೆ ಡೇಟಾಬೇಸ್ ಕೈಕೊಟ್ಟಿತು ಅಂದುಕೊಳ್ಳಿ. 5ನೇ ಆವೃತ್ತಿಯಲ್ಲಿ ಆ ಎರರ್ ತಾನಾಗಿ ಎರರ್ ಹ್ಯಾಂಡ್ಲರ್ ತಲುಪುತ್ತದೆ. 4ರಲ್ಲಿ ತಲುಪುವುದಿಲ್ಲ, ನಾವೇ ಹಿಡಿದು ನೆಕ್ಸ್ಟ್‌ಗೆ ಕೊಡಬೇಕು. ಕೊಡದಿದ್ದರೆ, ಈಗಿನ ನೋಡ್‌ನಲ್ಲಿ ಸರ್ವರ್ ಪ್ರೋಸೆಸ್ಸೇ ಬಿದ್ದು ಹೋಗುತ್ತದೆ. ಪ್ಯಾಕೇಜ್ ಫೈಲಿನಲ್ಲಿ ನಿಮ್ಮದು ಯಾವ ಆವೃತ್ತಿ ಅಂತ ಈಗಲೇ ನೋಡಿ. ಎರರ್ ಹ್ಯಾಂಡ್ಲರ್ ಬರೆಯುವಾಗ ನಾಲ್ಕು ಆರ್ಗ್ಯುಮೆಂಟ್ ಇರಲೇಬೇಕು. ನಾಲ್ಕು ಇದ್ದರೆ ಮಾತ್ರ ಎಕ್ಸ್‌ಪ್ರೆಸ್ ಅದನ್ನು ಎರರ್ ಹ್ಯಾಂಡ್ಲರ್ ಅಂತ ಗುರುತಿಸುತ್ತದೆ. ಅದರ ಜಾಗ ಎಲ್ಲ ರೂಟ್‌ಗಳ ಕೆಳಗೆ.

ಡೇಟಾಬೇಸ್‌ಗೆ ನಾವು ಪೋಸ್ಟ್‌ಗ್ರೆಸ್ ಬಳಸಿದೆವು. ಒಂದೇ ಎಚ್ಚರಿಕೆ: ಬಳಕೆದಾರರು ಕಳಿಸಿದ್ದನ್ನು ಕ್ವೆರಿಯ (ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೊಡುವ ಆದೇಶ) ಸ್ಟ್ರಿಂಗ್‌ಗೆ ಅಂಟಿಸಬೇಡಿ. $1, $2 ಅಂತ ಜಾಗ ಬಿಟ್ಟು ಅವರು ಕಳಿಸಿದ್ದನ್ನು ಬೇರೆಯಾಗಿ ಕೊಡಿ. ಇಲ್ಲದಿದ್ದರೆ ಯಾರೋ ಮೀನಿನ ಹೆಸರಿನ ಜಾಗದಲ್ಲಿ ಎಸ್‌ಕ್ಯೂಎಲ್ ಬರೆದು ಟೇಬಲ್ಲನ್ನೇ ಅಳಿಸಬಹುದು.

ಉತ್ತರ ತಲುಪದಿದ್ದರೆ

ಕಳಿಸಿದ ಉತ್ತರ ತಲುಪಿಯೇ ತಲುಪುತ್ತದೆ ಅಂತಿಲ್ಲ. ಬಂದರಿನಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ. ದರ ಸೇರಿತು, 201 ದಾರಿಯಲ್ಲಿ ಕಳೆದುಹೋಯಿತು, ಕಳಿಸಿದವರು ಮತ್ತೆ ಬಟನ್ ಒತ್ತಿದರು. ಪೋಸ್ಟ್ ಆದರೆ ಒಂದೇ ಬಂಗುಡೆಗೆ ಎರಡು ಸಾಲು. ಇಲ್ಲಿ ಪುಟ್, ಅಂದರೆ ಈ ವಿಳಾಸದಲ್ಲಿ ಇದು ಇರಲಿ ಅನ್ನುವ ರಿಕ್ವೆಸ್ಟ್, ಒಳ್ಳೆಯದು. ವಿಳಾಸದಲ್ಲೇ ಮೀನಿನ ಐಡಿ ಮತ್ತು ತಾರೀಕು ಇಟ್ಟು, ಈ ಮೀನಿಗೆ ಈ ದಿನ ದರ ಇಷ್ಟು ಅಂತ ಹೇಳುವುದು. ಹತ್ತು ಸಲ ಹೇಳಿದರೂ ಫಲ ಒಂದೇ. ಜೊತೆಗೆ ಟೇಬಲ್ಲಿನಲ್ಲಿ ಮೀನು ಮತ್ತು ತಾರೀಕಿನ ಜೋಡಿಗೆ ಯುನೀಕ್ ನಿರ್ಬಂಧ (ಒಂದೇ ಜೋಡಿ ಎರಡು ಸಲ ಬರದಂತೆ) ಹಾಕಿದೆವು, ಸಾಲು ಆಗಲೇ ಇದ್ದರೆ ದರವನ್ನು ಮಾತ್ರ ಬದಲಿಸು ಅಂತ ಇನ್ಸರ್ಟ್‌ಗೆ ಹೇಳಿದೆವು.

ಕಳೆದ ಭಾನುವಾರ ಫೋನನ್ನು ಮೀನಿನ ಅಕ್ಕನ ಕೈಗೆ ಕೊಟ್ಟೆವು. ಅವರು ಬಂಗುಡೆ ದರ ಹಾಕಿ ಬಟನ್ ಒತ್ತಿದರು. ಸ್ಕ್ರೀನ್ ತಡವಾಯಿತು ಅಂತ ಇನ್ನೆರಡು ಸಲ ಒತ್ತಿದರು. ಟರ್ಮಿನಲ್‌ನಲ್ಲಿ ಮೂರು ರಿಕ್ವೆಸ್ಟ್, ಮೂರು ಉತ್ತರ. ಟೇಬಲ್ಲಿನಲ್ಲಿ ಒಂದೇ ಸಾಲು.