ಹೊಟ್ಟೆಗೆ ಹೋದ ಪ್ಲಾಸ್ಟಿಕ್ ಹೊರಗೆ ಬಂದೇ ಬರುತ್ತದಲ್ಲ, ಮತ್ತೇನು ತೊಂದರೆ?

ಪ್ರಶ್ನೆ: ಮೈಕ್ರೋಪ್ಲಾಸ್ಟಿಕ್ ಜೀರ್ಣವಾಗುವುದಿಲ್ಲ ಅಂತೀರಿ. ಹಾಗಿದ್ದರೆ ಮೀನು ನುಂಗಿದರೂ ಮನುಷ್ಯ ನುಂಗಿದರೂ ಅದು ಮಲದ ಜೊತೆ ಹೊರಗೆ ಹೋಗಲೇಬೇಕಲ್ಲ? ಇಷ್ಟೊಂದು ಗಾಬರಿ ಯಾಕೆ?

ಉತ್ತರ: ನೀವು ಹೇಳಿದ್ದು ಅರ್ಧ ಸರಿ. 5 ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳಿಗೆಲ್ಲ ಮೈಕ್ರೋಪ್ಲಾಸ್ಟಿಕ್ ಎಂದೇ ಹೆಸರು. ಎಳ್ಳುಕಾಳಿನಷ್ಟಿರುವ ತುಣುಕೂ ಇದರಲ್ಲಿ ಬಂತು, ಕಣ್ಣಿಗೆ ಕಾಣದ ಪುಡಿಯೂ ಬಂತು. ಇವುಗಳಲ್ಲಿ ದೊಡ್ಡವು ಬಹುಪಾಲು ಹೊರಗೆ ಬೀಳುತ್ತವೆ. ಆದರೆ ಬೀಳುವ ಮುಂಚೆ ಒಳಗೆ ಏನು ಮಾಡಿ ಹೋದವು ಎಂಬುದನ್ನು ನೋಡಬೇಕು.

ಕಡಲ ತೀರದ ಕೆಸರಿನಲ್ಲಿ ಲಗ್‌ವರ್ಮ್ ಎಂಬ ಹುಳುವಿದೆ. ಕೆಸರನ್ನೇ ನುಂಗಿ, ಅದರಲ್ಲಿರುವ ಸತ್ವ ಹೀರಿ, ಉಳಿದದ್ದನ್ನು ಸುರುಳಿ ಸುರುಳಿಯಾಗಿ ಹೊರಹಾಕುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತೂಕದ ಶೇ. 5ರವರೆಗೆ ಪಿವಿಸಿ ಪುಡಿ ಬೆರೆಸಿದ ಕೆಸರಿನಲ್ಲಿ ಇವನ್ನು ಬಿಟ್ಟರು. ಹುಳುಗಳು ತಿನ್ನುವುದು ಕಡಿಮೆಯಾಯಿತು, ತಿಂದದ್ದು ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಿತು, ಮೈಯಲ್ಲಿ ಕೂಡಿಟ್ಟ ಶಕ್ತಿ ಅರ್ಧದವರೆಗೂ ಕರಗಿತು. ಪ್ಲಾಸ್ಟಿಕ್ ಹೊರಗೆ ಬಂದಿತ್ತು, ನಿಜ. ಹುಳುವಿನ ಪಾಲಿಗೆ ಉಳಿದದ್ದು ಮಾತ್ರ ಅರೆಹೊಟ್ಟೆ. (ಶೇ. 5 ಎಂದರೆ ಬಹಳ ಜಾಸ್ತಿ. ಪ್ರಯೋಗಾಲಯದವರು ಪ್ರಮಾಣದ ವಿಷಯದಲ್ಲಿ ಸಾಮಾನ್ಯವಾಗಿ ಧಾರಾಳಿಗಳು, ಇದನ್ನು ನೆನಪಿಟ್ಟುಕೊಂಡೇ ಇಂಥ ಫಲಿತಾಂಶ ಓದಬೇಕು.)

ಶಕ್ತಿ ಕಡಿಮೆಯಾದಾಗ ಪೆಟ್ಟು ಬೀಳುವುದು ಸಂತಾನದ ಮೇಲೆ. ಪೆಸಿಫಿಕ್ ಸಿಂಪಿಗಳನ್ನು (ಚಿಪ್ಪಿನೊಳಗೆ ಬದುಕುವ ಆಯ್ಸ್ಟರ್‌ಗಳನ್ನು) ಎರಡು ತಿಂಗಳು ಪಾಲಿಸ್ಟೈರೀನ್ ಎಂಬ, ಥರ್ಮೋಕೋಲ್ ಮಾಡುವ ಪ್ಲಾಸ್ಟಿಕ್ಕಿನ ಕಣಗಳಿದ್ದ ನೀರಿನಲ್ಲಿಟ್ಟಾಗ ಅಂಡಾಣುಗಳ ಸಂಖ್ಯೆ ಶೇ. 38 ಇಳಿಯಿತು, ವೀರ್ಯಾಣುಗಳ ವೇಗ ಶೇ. 23 ತಗ್ಗಿತು. ಚಿಪ್ಪು ಬಿಡಿಸಿ ನೋಡಿದರೆ ತಾಯಿ ಸಿಂಪಿ ಬದುಕಿಯೇ ಇದೆ, ಮರಿಗಳು ಕಡಿಮೆ, ಅಷ್ಟೆ. ಇಂಥ ನಷ್ಟ ದಡದಲ್ಲಿ ಸತ್ತು ಬಿದ್ದ ಮೀನಿನಂತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಕೆಲವೊಮ್ಮೆ ಚೂರು ಹೊಟ್ಟೆಗೆ ಹೋಗುವುದೇ ಬೇಡ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮೊಟ್ಟೆಯಿಡಲು ಹೊಳೆ ಏರಿ ಬಂದ ಕೋಹೋ ಸಾಲ್ಮನ್ ಮೀನುಗಳು ಮಳೆ ಸುರಿದ ಬೆನ್ನಿಗೇ ಮೊಟ್ಟೆಯಿಡದೆ ಸಾಯುತ್ತಿದ್ದವು. ಕಾರಣ ಬಯಲಾದದ್ದು 2020ರಲ್ಲಿ. ಟಯರು ಬಿರುಕು ಬಿಡದಿರಲಿ ಎಂದು ಅದಕ್ಕೆ 6ಪಿಪಿಡಿ ಎಂಬ ರಾಸಾಯನಿಕ ಸೇರಿಸುತ್ತಾರೆ. ಅದು ಗಾಳಿಯ ಓಝೋನ್ ಜೊತೆ ಸೇರಿ ಬೇರೊಂದು ವಸ್ತುವಾಗುತ್ತದೆ, ಸವೆದ ಟಯರಿನ ಪುಡಿಯಿಂದ ಮಳೆನೀರಿಗೆ ಇಳಿಯುತ್ತದೆ. ಕೋಹೋಗೆ ಅದರ ಅತ್ಯಲ್ಪ ಪ್ರಮಾಣವೂ ಮಾರಕ. ಮೈಕ್ರೋಪ್ಲಾಸ್ಟಿಕ್ ಎಂದೊಡನೆ ಬಾಟಲಿ, ಚೀಲ ನೆನೆಯುವ ನಾವು ಟಯರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಗಾತ್ರವೇ ಮುಖ್ಯ. ತೀರಾ ಸಣ್ಣ ಕಣಗಳು ಕರುಳಿನ, ಶ್ವಾಸಕೋಶದ ಗೋಡೆ ದಾಟಬಲ್ಲವು. 2022ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 22 ಮಂದಿಯ ರಕ್ತ ಪರೀಕ್ಷಿಸಿದಾಗ 17 ಮಂದಿಯಲ್ಲಿ ಪ್ಲಾಸ್ಟಿಕ್ ಕಂಡಿತು. 2024ರ ಇಟಲಿಯ ಅಧ್ಯಯನದಲ್ಲಿ, ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನ ಪದರದಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಇಲ್ಲದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಎರಡೂ ಜೊತೆಗೆ ಕಂಡವು ಎಂದಷ್ಟೇ. ಹಾಗಂತ ತಳ್ಳಿಹಾಕುವ ಮಾತೂ ಅಲ್ಲ. ವಾರಕ್ಕೊಂದು ಕ್ರೆಡಿಟ್ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತೇವೆ ಎಂಬ ಜನಪ್ರಿಯ ಲೆಕ್ಕವನ್ನು ಮಾತ್ರ ಬಿಟ್ಟುಬಿಡಿ, ಅದು ವಿಪರೀತ ಉತ್ಪ್ರೇಕ್ಷೆ.

ಕೊನೆಗೆ, ಹೊರಗೆ ಹೋದದ್ದು ಎಲ್ಲಿಗೆ ಹೋಯಿತು? ಒಳ್ಳೆಯ ಕೊಳಚೆನೀರು ಶುದ್ಧೀಕರಣ ಘಟಕಗಳು ಇಂಥ ಕಣಗಳಲ್ಲಿ ಹೆಚ್ಚಿನವನ್ನು ಹಿಡಿದಿಡುತ್ತವೆ. ಅವು ಸೇರುವುದು ಕೆಳಗೆ ಉಳಿಯುವ ಕೆಸರಿಗೆ. ಎಷ್ಟೋ ದೇಶಗಳಲ್ಲಿ ಆ ಕೆಸರನ್ನೇ ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ, ಅಲ್ಲಿಂದ ಎರೆಹುಳುಗಳು ಅದನ್ನು ಬಿಲದ ಉದ್ದಕ್ಕೂ ಮಣ್ಣಿನ ಆಳಕ್ಕೆ ಒಯ್ಯುತ್ತವೆ.