ಬಿಲ್ಲಿಲ್ಲದ ಚಿನ್ನದ ಬಿಸ್ಕತ್ತು

ಬಸ್ ಸ್ಟ್ಯಾಂಡಿನಲ್ಲಿ ನಡೆಯುವ ಈ ಆಟ ಬಹಳ ಹಳೆಯದು. ವಯಸ್ಸಾದ ಹೆಂಗಸೊಬ್ಬರು ಒಂಟಿಯಾಗಿ ಬಸ್ಸಿಗೆ ಕಾಯುತ್ತಿರುತ್ತಾರೆ. ಪಕ್ಕದಲ್ಲಿ ಒಬ್ಬ ಬಗ್ಗಿ ನೆಲದಿಂದ ಪೊಟ್ಟಣ ಎತ್ತಿಕೊಳ್ಳುತ್ತಾನೆ. ಬಿಚ್ಚಿದರೆ ಹಳದಿ ಗಟ್ಟಿ, ಅದಕ್ಕೆ ಸುತ್ತಿದ ಒಂದು ಬಿಲ್ಲು. ಅಷ್ಟರಲ್ಲಿ ಇನ್ನೊಬ್ಬ ಬಂದು ಬಿಲ್ಲು ಓದುತ್ತಾನೆ. ‘ಚಿನ್ನದ ಬಿಸ್ಕತ್ತು ಕಣಮ್ಮ, ಲಕ್ಷಗಟ್ಲೆ ಬಾಳುತ್ತೆ. ಮೂರು ಜನಾನೂ ನೋಡಿದ್ದೀವಿ, ಮೂರು ಪಾಲು ಮಾಡ್ಕೊಳ್ಳೋಣ. ಇಲ್ಲಿ ತುಂಡು ಮಾಡೋಕಾಗಲ್ಲ, ನೀವೇ ಇಟ್ಕೊಳ್ಳಿ. ನಮ್ಮ ಪಾಲಿಗೆ ನಿಮ್ಮ ಸರ ಕೊಡಿ. ಯಾರ ಹತ್ರಾನೂ ಬಾಯಿ ಬಿಡಬೇಡಿ, ಪೊಲೀಸ್ರಿಗೆ ಗೊತ್ತಾದ್ರೆ ಕಿತ್ಕೋತಾರೆ.’

ಮನೆಗೆ ಬಂದು ತೋರಿಸಿದರೆ ಅದು ಹಿತ್ತಾಳೆ.

ಇಂಥ ಸುದ್ದಿ ಓದಿದವರು ‘ಆಸೆ ಜಾಸ್ತಿ ಆಯ್ತು, ಅದಕ್ಕೇ ಹಿಂಗಾಯ್ತು’ ಅಂದುಬಿಡುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಆಸೆ ಯಾರಿಗಿಲ್ಲ? ಇಲ್ಲಿ ಕೆಲಸ ಮಾಡುವುದು ಆ ಕೊನೆಯ ಮಾತು: ಬಾಯಿ ಬಿಡಬೇಡಿ. ಚಿನ್ನದ ಹೆಸರಿನಲ್ಲಿ ನಡೆಯುವ ಬಹುತೇಕ ಮೋಸಗಳು ಈ ಗುಟ್ಟಿನ ಮೇಲೇ ನಿಂತಿವೆ. ಬಿಸ್ಕತ್ತು ಅಂದರೆ ಗುಟ್ಟಾಗಿ ಇಡಬೇಕಾದದ್ದು ಎಂಬ ಭಾವನೆ ನಮ್ಮ ಜನರ ತಲೆಯೊಳಗೆ ಸುಮ್ನೆ ಬಂದದ್ದಲ್ಲ. ಒಂದು ಕಾಲಕ್ಕೆ ಕಾನೂನೇ ಹಾಗಿತ್ತು.

1962ರಲ್ಲಿ ಚೀನಾ ಜೊತೆ ಯುದ್ಧವಾಯಿತು. ದೇಶದಲ್ಲಿ ವಿದೇಶಿ ವಿನಿಮಯಕ್ಕೆ ಬರ. ಜನ ಚಿನ್ನ ಕೊಳ್ಳುವುದನ್ನು ಕಡಿಮೆ ಮಾಡಬೇಕೆಂದು 1963ರ ಜನವರಿಯಲ್ಲಿ ಸರ್ಕಾರ ಚಿನ್ನ ನಿಯಂತ್ರಣ ನಿಯಮ ತಂದಿತು. ಆಗ ಮೊರಾರ್ಜಿ ದೇಸಾಯಿ ಹಣಕಾಸು ಸಚಿವರು. ಹೊಸ ಒಡವೆ 14 ಕ್ಯಾರೆಟ್‌ಗಿಂತ ಹೆಚ್ಚಿನದಾಗಿರಬಾರದು ಎಂದಾಯಿತು. 22 ಕ್ಯಾರೆಟ್ ಬಿಟ್ಟು ಬೇರೆ ಚಿನ್ನ ಮುಟ್ಟದ ಮನೆಗಳಲ್ಲಿ 14 ಕ್ಯಾರೆಟ್ ತಾಳಿ ಯಾರು ಮಾಡಿಸುತ್ತಾರೆ? ದೇಶದ ಎಲ್ಲ ಕಡೆ ಅಕ್ಕಸಾಲಿಗರ ಕೈ ಕೆಲಸ ನಿಂತುಹೋಯಿತು. ಎಷ್ಟೋ ಮನೆಗಳು ಬೀದಿಗೆ ಬಿದ್ದವು. 14 ಕ್ಯಾರೆಟ್ ಮಿತಿಯನ್ನು 1966ರಲ್ಲಿ ತೆಗೆದರು. ಆದರೆ 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಬಂತು. ಮನೆಯಲ್ಲಿ ಒಡವೆ ಇಟ್ಟುಕೊಳ್ಳಬಹುದು, ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿಲ್ಲ. ಈ ಕಾಯ್ದೆ ರದ್ದಾದದ್ದು 1990ರಲ್ಲಿ.

ಅಂದರೆ ಹೆಚ್ಚೂಕಡಿಮೆ ಒಂದು ತಲೆಮಾರು ಬೆಳೆದದ್ದೇ ಈ ಕಾನೂನಿನ ನೆರಳಲ್ಲಿ. ಚಿನ್ನದ ಬೇಡಿಕೆ ಮಾತ್ರ ಇಳಿಯಲಿಲ್ಲ. ದುಬೈ ಕಡೆಯಿಂದ ಕಳ್ಳ ಸಾಗಣೆಯಲ್ಲಿ ಹತ್ತು ತೊಲದ ಗಟ್ಟಿಗಳು ಬರತೊಡಗಿದವು. ಹತ್ತು ತೊಲ ಅಂದರೆ 116.64 ಗ್ರಾಂ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಜನ ಅದನ್ನೇ ಬಿಸ್ಕತ್ತು ಅಂದರು. ಅದಕ್ಕೆ ಬಿಲ್ಲಿಲ್ಲ, ಅದನ್ನು ಎಲ್ಲರೆದುರು ಪರೀಕ್ಷೆ ಮಾಡಿಸುವಂತಿಲ್ಲ, ಮೋಸವಾದರೆ ಠಾಣೆಗೆ ಹೋಗುವಂತಿಲ್ಲ. ನಕಲಿ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಾ?

1992ರಲ್ಲಿ ಅನಿವಾಸಿ ಭಾರತೀಯರು ಸುಂಕ ಕಟ್ಟಿ ಚಿನ್ನ ತರಬಹುದು ಎಂದಾಯಿತು. 1997ರಿಂದ ಬ್ಯಾಂಕುಗಳೇ ಆಮದು ಮಾಡಿಕೊಳ್ಳತೊಡಗಿದವು. ಇವತ್ತು ಯಾರು ಬೇಕಾದರೂ ಅಂಗಡಿಗೆ ಹೋಗಿ ಬಿಲ್ಲು ಹಾಕಿಸಿ ಬಿಸ್ಕತ್ತು ಕೊಳ್ಳಬಹುದು. ಹೀಗಿದ್ದರೂ ‘ಕಸ್ಟಮ್ಸ್‌ನವರು ಹಿಡಿದ ಮಾಲು, ಅರ್ಧ ರೇಟಿಗೆ’ ಎಂಬ ಮಾತಿಗೆ ಈಗಲೂ ಜನ ಸಿಗುತ್ತಾರೆ. ಕಾನೂನು ಹೋಗಿದೆ, ಅದು ಕಲಿಸಿದ ಗುಟ್ಟು ಹೋಗಿಲ್ಲ. ಆಮದು ಸುಂಕ ಏರಿದಾಗೆಲ್ಲ ಈ ಮಾತಿಗೆ ಬಲ ಬರುತ್ತದೆ. 2022ರಲ್ಲಿ ಸುಂಕ ಶೇ 15ಕ್ಕೆ ಏರಿತ್ತು. 2024ರ ಜುಲೈ ಬಜೆಟ್‌ನಲ್ಲಿ ಅದನ್ನು ಶೇ 6ಕ್ಕೆ ಇಳಿಸಿದರು.

ನಮ್ಮ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿಕೊಂಡಿದೆ, ಅದು ನಿಧಿಯ ಕತೆ. ಶ್ರೀರಂಗಪಟ್ಟಣದಲ್ಲಿ ಒಡೆಯರ ಕಾಲದ ಟಂಕಸಾಲೆ ಇತ್ತು. ಕಂಠೀರವ ನರಸರಾಜ ಒಡೆಯರು 17ನೇ ಶತಮಾನದಲ್ಲಿ ಹೊರಡಿಸಿದ ಕಂಠೀರಾಯಿ ಹಣ ಅರ್ಧ ಗ್ರಾಮೂ ತೂಗದ ಪುಟಾಣಿ ಚಿನ್ನದ ನಾಣ್ಯ. ಮುಂದೆ ಹೈದರ್, ಟಿಪ್ಪು ಕಾಲದಲ್ಲೂ ಚಿನ್ನದ ನಾಣ್ಯಗಳು ಬಂದವು. 1799ರಲ್ಲಿ ಕೋಟೆ ಬಿದ್ದು ಪಟ್ಟಣ ಲೂಟಿಯಾಯಿತು. ಆವತ್ತು ಹೂತಿಟ್ಟದ್ದು ಇನ್ನೂ ನೆಲದಲ್ಲಿದೆ ಎಂಬ ನಂಬಿಕೆ ಊರೂರಲ್ಲಿದೆ. ಹಳೇ ಗುಡಿಗಳ ಗರ್ಭಗುಡಿ ಅಗೆಯುವ ನಿಧಿಗಳ್ಳರನ್ನು ನೋಡಿದರೆ ಆ ನಂಬಿಕೆಯ ಬಲ ತಿಳಿಯುತ್ತದೆ.

ಈ ನಂಬಿಕೆಯನ್ನೇ ಹಿಡಿದು ಫೋನ್ ಬರುತ್ತದೆ. ‘ಮನೆ ಪಾಯ ತೆಗೀವಾಗ ಒಂದು ಮಡಕೆ ಸಿಕ್ಕಿದೆ ಸಾರ್, ಮಾರೋಕೆ ನಮಗೆ ಯಾರೂ ಗೊತ್ತಿಲ್ಲ.’ ಮೊದಲು ಒಂದೆರಡು ನಾಣ್ಯ ಕೊಡುತ್ತಾರೆ. ‘ನೀವೇ ಚೆಕ್ ಮಾಡಿಸ್ಕೊಳ್ಳಿ’ ಅನ್ನುತ್ತಾರೆ. ಆಚಾರರ ಹತ್ತಿರ ಒರೆಗೆ ಹಚ್ಚಿಸಿದರೆ ಅಸಲಿ ಚಿನ್ನ. ನಂಬಿಕೆ ಕುದುರುವುದು ಇಲ್ಲೇ. ಆಮೇಲೆ ಲಕ್ಷಗಟ್ಟಲೆ ದುಡ್ಡು ತೆಗೆದುಕೊಂಡು ಬರಲು ಹೇಳುತ್ತಾರೆ. ಆಗ ಕೈಗೆ ಬರುವ ಗಂಟಿನ ತುಂಬ ಹಿತ್ತಾಳೆ ಬಿಲ್ಲೆಗಳು. ಪರೀಕ್ಷೆ ಮಾಡಿದ ನಾಣ್ಯವೇ ಬೇರೆ, ದುಡ್ಡು ಕೊಟ್ಟು ತಂದ ನಾಣ್ಯವೇ ಬೇರೆ. ಒಂದು ವೇಳೆ ನಿಧಿ ನಿಜವೇ ಆಗಿದ್ದರೂ ಅದನ್ನು ಹೀಗೆ ಮಾರುವಂತಿಲ್ಲ. 1878ರ ನಿಧಿ ಕಾಯ್ದೆಯ ಕಾಲದಿಂದಲೂ ಸಿಕ್ಕಿದವರು ಸರ್ಕಾರಕ್ಕೆ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ.

ಇನ್ನು ಲೋಹದ ವಿಚಾರಕ್ಕೆ ಬರೋಣ. ಚಿನ್ನ ಎಷ್ಟು ಭಾರ ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ಕೈಯಲ್ಲಿ ಹಿಡಿದು ಗೊತ್ತಿಲ್ಲ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗುತ್ತದೆ. ಸೀಸ 11.3, ತಾಮ್ರ ಸುಮಾರು 9, ಹಿತ್ತಾಳೆ ಸುಮಾರು 8.5. ಹತ್ತು ತೊಲದ ಬಿಸ್ಕತ್ತಿನ ಗಾತ್ರಕ್ಕೇ ಸರಿಯಾಗಿ ಹಿತ್ತಾಳೆ ಎರಕ ಹೊಯ್ದರೆ ಅದು 51 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ ತೂಕ ಸರಿ ಇದ್ದರೆ ಗಾತ್ರ ದೊಡ್ಡದಿರುತ್ತದೆ, ಗಾತ್ರ ಸರಿ ಇದ್ದರೆ ತೂಕ ಕಡಿಮೆ ಬರುತ್ತದೆ.

ಇದನ್ನು ನೋಡಲು ಗ್ರಾಂ ತೂಗುವ ಸಣ್ಣ ತಕ್ಕಡಿ, ಒಂದು ಲೋಟ ನೀರು, ಒಂದು ದಾರ ಸಾಕು. ಮೊದಲು ಗಟ್ಟಿಯನ್ನು ಹಾಗೇ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ಗಟ್ಟಿಯನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗುವಂತೆ ನೀರಿಗೆ ಇಳಿಬಿಡಿ. ತಳ ಮುಟ್ಟಬಾರದು, ಲೋಟದ ಅಂಚೂ ತಾಗಬಾರದು. ತಕ್ಕಡಿ ತೋರಿಸುವ ಅಂಕಿಯೇ ಘನ ಸೆಂಟಿಮೀಟರ್ ಲೆಕ್ಕದಲ್ಲಿ ಅದರ ಗಾತ್ರ. 116.64 ಗ್ರಾಂ ಅಪ್ಪಟ ಚಿನ್ನವಾದರೆ ಅಂಕಿ 6ರ ಹತ್ತಿರ ಬರಬೇಕು. ಅಷ್ಟೇ ತೂಕದ ಸೀಸವಾದರೆ 10 ದಾಟುತ್ತದೆ, ಹಿತ್ತಾಳೆಯಾದರೆ 13 ದಾಟುತ್ತದೆ. ಗಟ್ಟಿಗೆ ಗೀರೂ ಬೀಳುವುದಿಲ್ಲ. ಬಿಲ್ಲಿಲ್ಲದ ಮಾಲು ಮಾರಲು ಬಂದವನು ಇದನ್ನು ಮಾಡಲು ಬಿಡುವುದೇ ಇಲ್ಲ.

ಈ ಪರೀಕ್ಷೆಗೂ ಸಿಗದ ಲೋಹ ಒಂದಿದೆ, ಟಂಗ್‌ಸ್ಟನ್. ಅದರ ತೂಕ ಚಿನ್ನಕ್ಕೆ ಹೆಚ್ಚೂಕಡಿಮೆ ಸಮ. 2012ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಹೊರಗೆ ಚಿನ್ನ, ಒಳಗೆ ಟಂಗ್‌ಸ್ಟನ್ ತುಂಬಿದ ಗಟ್ಟಿಗಳು ಸಿಕ್ಕಿ ದೊಡ್ಡ ಸುದ್ದಿಯಾಯಿತು. ದೊಡ್ಡವರೂ ಇದರಿಂದ ಪಾರಾಗಿಲ್ಲ. ಚೀನಾದ ವುಹಾನ್‌ನ ಒಂದು ಒಡವೆ ಕಂಪನಿ 83 ಟನ್ ಚಿನ್ನ ಅಡ ಇಟ್ಟು ಸಾಲ ಎತ್ತಿತ್ತು. ಅದರಲ್ಲಿ ತಾಮ್ರಕ್ಕೆ ಚಿನ್ನದ ಲೇಪ ಮಾಡಿದ ಗಟ್ಟಿಗಳಿದ್ದವು ಎಂಬುದು 2020ರಲ್ಲಿ ಬಯಲಾಯಿತು.

ಅಂಗಡಿಗಳಲ್ಲಿರುವ ಕ್ಯಾರೆಟ್ ಮೀಟರ್ ಎಕ್ಸ್‌-ರೇ ಬಿಟ್ಟು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಒರೆಗಲ್ಲೂ ಅಷ್ಟೇ. ಗೀರಿ, ಆಸಿಡ್ ಬಿಟ್ಟು ಬಣ್ಣ ನೋಡುತ್ತಾರೆ. ಲೇಪ ದಪ್ಪಗಿದ್ದರೆ ಒಳಗಿನದು ಗೊತ್ತಾಗುವುದಿಲ್ಲ. ಒಳಗಿನದು ತಿಳಿಯಬೇಕೆಂದರೆ ಕತ್ತರಿಸಬೇಕು, ಇಲ್ಲವೇ ಕರಗಿಸಬೇಕು. ಚಿನ್ನ 1064 ಡಿಗ್ರಿಗೆ ಕರಗುತ್ತದೆ, ಟಂಗ್‌ಸ್ಟನ್‌ಗೆ 3400 ಡಿಗ್ರಿ ದಾಟಬೇಕು. ಶಬ್ದತರಂಗ ಬಿಟ್ಟು ನೋಡುವ ಯಂತ್ರವೂ ಇದೆ. ಟಂಗ್‌ಸ್ಟನ್‌ನಲ್ಲಿ ಶಬ್ದ ಚಿನ್ನಕ್ಕಿಂತ ಬಹಳ ಜೋರಾಗಿ ಓಡುವುದರಿಂದ ವ್ಯತ್ಯಾಸ ಸಿಕ್ಕಿಬೀಳುತ್ತದೆ.

ನಮ್ಮ ಕಡೆ ನಿಜವಾದ ಪೆಟ್ಟು ಬೀಳುವುದು ಗಿರವಿ ಅಂಗಡಿ ಮತ್ತು ಸೊಸೈಟಿಗಳಲ್ಲಿ. ಕಬ್ಬಿನ ಬಿಲ್ಲು ಬರುವ ತನಕ ಒಡವೆ ಅಡ ಇಡುವುದು ಮಂಡ್ಯದ ರೈತರ ಮನೆಗಳಲ್ಲಿ ಮಾಮೂಲಿ. ಈ ವ್ಯವಹಾರದೊಳಗೆ ನಕಲಿ ಬಳೆ, ನಕಲಿ ಸರ ತೂರಿಕೊಳ್ಳುತ್ತವೆ. ಕೊಕ್ಕೆ ಮಾತ್ರ 22 ಕ್ಯಾರೆಟ್, ಮಿಕ್ಕಿದ್ದೆಲ್ಲ ತಾಮ್ರದ ಮೇಲೆ ದಪ್ಪ ಲೇಪ. ಪರೀಕ್ಷೆ ಮಾಡುವವರು ಅವಸರದಲ್ಲಿ ಕೊಕ್ಕೆ ಉಜ್ಜಿ ಸುಮ್ಮನಾದರೆ ಸಾಲ ಪಾಸ್. ನಷ್ಟ ಕೊನೆಗೆ ಬರುವುದು ಊರಿನ ಷೇರುದಾರರ ತಲೆಗೆ. ಬ್ಯಾಂಕುಗಳು ಬಿಸ್ಕತ್ತಿನ ಮೇಲೆ ಸಾಲವನ್ನೇ ಕೊಡುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ ಹಾಗಿದೆ. ಚಿನ್ನದ ನಾಣ್ಯವಾದರೆ 50 ಗ್ರಾಂವರೆಗೆ ಅವಕಾಶ. ‘ಬಿಸ್ಕತ್ತು ಕೊಂಡಿಡಿ, ಕಷ್ಟಕ್ಕೆ ಬ್ಯಾಂಕಲ್ಲಿ ಇಡಬಹುದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲರೆದುರು ಪರೀಕ್ಷಿಸುವ ಪದ್ಧತಿ ನಮಗೆ ಹೊಸದೇನಲ್ಲ. ಮೇಲುಕೋಟೆ ದೇವರ ವಜ್ರದ ಕಿರೀಟ ವೈರಮುಡಿ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಬಂದೋಬಸ್ತಿನಲ್ಲಿ ಬೆಟ್ಟಕ್ಕೆ ಹೋಗುತ್ತದೆ. ಅಲ್ಲಿ ಅಧಿಕಾರಿಗಳು, ಅರ್ಚಕರು, ಸ್ಥಾನೀಕರ ಎದುರು ಪರ್ಕಾವಣೆ, ಅಂದರೆ ಒಡವೆಯ ತಪಾಸಣೆ, ಆದ ಮೇಲೆಯೇ ಚೆಲುವನಾರಾಯಣನ ಮುಡಿಗೇರುತ್ತದೆ. ದೇವರ ಒಡವೆಗೇ ಇಷ್ಟು ಪರೀಕ್ಷೆ ಇರುವಾಗ, ಮೈಸೂರಿನ ಅಶೋಕ ರಸ್ತೆಯಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ‘ಇದರ ಬಿಲ್ಲು ಕೊಡಿ, ಒಡವೆ ಮೇಲಿನ ಗುರುತು ಸಂಖ್ಯೆ ಎಚ್‌ಯುಐಡಿ ತೋರಿಸಿ’ ಎಂದು ಕೇಳಲು ನಾವೇಕೆ ಸಂಕೋಚ ಪಡಬೇಕು?

ಒಡವೆಗಳಿಗೆ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಬಂದದ್ದು 2000ದಲ್ಲಿ. ಅದಕ್ಕೆ ಮೊದಲು, ಆಮೇಲೂ ಬಹಳ ಕಾಲ, ಅಂಗಡಿಯವರು ‘ಕೆಡಿಎಂ’ ಅಂದರೆ ಸಾಕಿತ್ತು. ಅದು ಬೆಸುಗೆಗೆ ಬಳಸುವ ಕ್ಯಾಡ್ಮಿಯಂನ ಹೆಸರೇ ಹೊರತು ಶುದ್ಧತೆಗೆ ಯಾರೂ ಕೊಟ್ಟ ಗ್ಯಾರಂಟಿ ಅಲ್ಲ. ಅದರ ಹೊಗೆ ಅಕ್ಕಸಾಲಿಗರ ಶ್ವಾಸಕೋಶಕ್ಕೂ ಕೆಟ್ಟದ್ದು. 2021ರ ಜೂನ್‌ನಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬರೀ 916 ಎಂದು ಯಾರು ಬೇಕಾದರೂ ಒತ್ತಬಹುದು. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆ ಹೇಳುವ 22ಕೆ916, ಆ ಆರು ಅಕ್ಷರ, ಮೂರೂ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಎಷ್ಟು ಶುದ್ಧ, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು, ಅದು ಉಂಗುರವಾ ಸರವಾ ಎಲ್ಲ ಬರುತ್ತದೆ. ನಿಮ್ಮ ಕೈಯಲ್ಲಿ ಸರ ಇದ್ದು ಆ್ಯಪ್ ಉಂಗುರ ಅಂದರೆ ಅಲ್ಲೇ ನಿಲ್ಲಿಸಿ. ಮುದ್ರೆಯಲ್ಲಿರುವುದಕ್ಕಿಂತ ಶುದ್ಧತೆ ಕಡಿಮೆ ಬಂದರೆ ವ್ಯತ್ಯಾಸದ ಎರಡರಷ್ಟು ಹಣ, ಪರೀಕ್ಷೆಯ ಖರ್ಚು ಎರಡನ್ನೂ ಕೇಳುವ ಹಕ್ಕು 2018ರ ಬಿಐಎಸ್ ನಿಯಮದಲ್ಲಿದೆ. ಅದಕ್ಕೆ ಬಿಲ್ಲು ಬೇಕು. ಶೇ 3ರ ಜಿಎಸ್‌ಟಿ ಉಳಿಸಲು ಬಿಲ್ಲು ಬೇಡ ಅಂದವರು ಈ ಹಕ್ಕನ್ನೂ ಬಿಟ್ಟುಕೊಟ್ಟ ಹಾಗೆ.

ಮನೆ ಬಾಗಿಲಿಗೆ ಬಂದು ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಅನ್ನುವವರ ವಿಷಯವನ್ನೂ ಹೇಳಬೇಕು. ಅವರ ಡಬ್ಬಿಯಲ್ಲಿರುವುದು ಚಿನ್ನವನ್ನೇ ಕರಗಿಸುವ ಆಸಿಡ್. ಸರ ಫಳಫಳ ಅನ್ನುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಅರಿಶಿನ ಹಾಕಿ ಮುಚ್ಚಿಕೊಟ್ಟು ‘ಅರ್ಧ ಗಂಟೆ ಬಿಟ್ಟು ತೆಗೀರಿ’ ಅನ್ನುವುದು ಅವರು ಊರು ದಾಟುವುದಕ್ಕೆ.

ಮೋಸ ಹೋದವರು ಠಾಣೆಗೆ ಹೋಗಲು ಹೆದರುತ್ತಾರೆ. ನಿಧಿ ಕೊಳ್ಳಲು ಹೋಗಿದ್ದೆ ಎಂದು ಹೇಳುವುದು ಹೇಗೆ, ಸೊಸೆ ಏನಂದಾಳು, ಮಗ ಏನಂದಾನು ಅನ್ನುವ ಅಳುಕು. ದಯವಿಟ್ಟು ಹೋಗಿ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದೆ. ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಕಲಿ ಗಟ್ಟಿ, ಅದನ್ನು ಸುತ್ತಿದ್ದ ಕಾಗದ, ಫೋನ್ ನಂಬರು ಯಾವುದನ್ನೂ ಬಿಸಾಡಬೇಡಿ. ಮನೆಯವರು ಬೈಯದೆ ಜೊತೆಗೆ ಹೋದರೆ ಅರ್ಧ ಕೆಲಸ ಆದಂತೆ.

ಬೆಳ್ಳಿ ಕೊಳ್ಳುವವರಿಗೂ ಒಂದು ಮಾತು. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಚೂರೂ ಇರುವುದಿಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಗೂ ಎಚ್‌ಯುಐಡಿ ಬಂದಿದೆ, ಕಡ್ಡಾಯ ಮಾತ್ರ ಆಗಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಖವಾಡ, ದೀಪ ತೆಗೆದುಕೊಳ್ಳುವಾಗ ಎಚ್‌ಯುಐಡಿ ಇದೆಯಾ ಕೇಳಿ. ಇಲ್ಲದಿದ್ದರೆ ಎಷ್ಟು ಪರ್ಸೆಂಟ್ ಬೆಳ್ಳಿ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ.